ನಿಲ್ಲದ ಕಾಲು, ಸವೆದ ಹಾಸು: ಒಂಬತ್ತು ಸೂತ್ರಗಳು

ನಮ್ಮನೆಯ ಬೆಡ್‌ಶೀಟು ಮೊದಲು ಸವೆಯುವುದು ಕಾಲ ಕಡೆಗೆ. ತಲೆಯ ಕಡೆ ಬಣ್ಣವೂ ಮಾಸಿರುವುದಿಲ್ಲ, ಹಿಮ್ಮಡಿ ಉಜ್ಜುವ ಜಾಗ ಮಾತ್ರ ಜರಡಿಯಂತಾಗಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಚಾಚಿದ ಕಾಲು ಅಲ್ಲೇ ಇರಲೊಲ್ಲದವರ ಪಾಡು ಬೇರೆ. ಇಂಥ ಕಾಲುಗಳ ಜೊತೆ ವರ್ಷಗಟ್ಟಲೆ ಮಲಗಿ ಎದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲಿನ ಮಾತೂ ಇದೆ, ಬಟ್ಟೆಯ ಮಾತೂ ಇದೆ.

1. ಕಾಟಕ್ಕೊಂದು ಹೆಸರಿದೆ, ತಿಳಿದುಕೊಳ್ಳಿ.
ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ನಾಲ್ಕು ಗುರುತು ನೋಡಿ: ಕಾಲು ಆಡಿಸಲೇಬೇಕೆಂಬ ಒತ್ತಾಯ, ಕೂತಾಗ, ಮಲಗಿದಾಗ ಅದು ಹೆಚ್ಚುವುದು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಗ್ಗುವುದು, ಸಂಜೆ, ರಾತ್ರಿ ಹೊತ್ತಿಗೆ ಜೋರಾಗುವುದು. ಜೋಮು ಹಿಡಿಯುವುದು ಬೇರೆ, ಮೀನಖಂಡ ಗಂಟು ಕಟ್ಟುವ ಸೆಳೆತ ಬೇರೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿಟ್ಟಿದ್ದ. 1945ರಲ್ಲಿ ಸ್ವೀಡನ್ನಿನ ನರವೈದ್ಯ ಎಕ್‌ಬೊಮ್ ಇದರ ಬಗ್ಗೆಯೇ ವಿವರವಾದ ಅಧ್ಯಯನ ಪ್ರಕಟಿಸಿದ. ನಮ್ಮಲ್ಲಿ ಕೂತು ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ಹಿರಿಯರು ಬೈಯುತ್ತಾರೆ. ಹಾಗೆ ಬೈಸಿಕೊಂಡ ಮಕ್ಕಳಲ್ಲಿ ಕೆಲವರಿಗಾದರೂ ಇದು ಚಟವಲ್ಲ, ಕಾಯಿಲೆ. ಮಗು ಕಾಲಲ್ಲಿ ಇರುವೆ ಹರಿದ ಹಾಗಾಗುತ್ತೆ ಎಂದರೆ ದಯವಿಟ್ಟು ನಂಬಿ. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ.

2. ಫೆರಿಟಿನ್ ಪರೀಕ್ಷೆ ಮಾಡಿಸಿ.
ಒಂಬತ್ತರಲ್ಲಿ ಒಂದನ್ನೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಹಿಮೋಗ್ಲೋಬಿನ್ ಸರಿಯಿದೆ ಎಂಬ ಒಂದೇ ಮಾತಿಗೆ ಸಮಾಧಾನವಾಗಬೇಡಿ. ಕಬ್ಬಿಣದ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಕೈಲಿರುವ ಚಿಲ್ಲರೆ, ಫೆರಿಟಿನ್ ಕಣಜದಲ್ಲಿರುವ ಕಾಳು. ಮಿದುಳಿನಲ್ಲಿ ಡೋಪಮಿನ್ ಸರಿಯಾಗಿ ಕೆಲಸ ಮಾಡಲು ಕಬ್ಬಿಣ ಬೇಕು, ಅದು ಕಡಿಮೆಯಾದಾಗ ಕಾಲು ರಾತ್ರಿ ಕೂಗು ಹಾಕುತ್ತದೆ. ಪ್ರಯೋಗಾಲಯದ ವರದಿಯಲ್ಲಿ 20, 30 ಎಂದಿದ್ದರೂ ಪಕ್ಕದಲ್ಲಿ ‘ಸಹಜ’ ಎಂದು ಅಚ್ಚಾಗಿರಬಹುದು. ಆದರೆ ಈ ಕಾಯಿಲೆ ಇರುವ ದೊಡ್ಡವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತಜ್ಞರು ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಗರ್ಭಿಣಿಯರು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು, ಪದೇ ಪದೇ ರಕ್ತದಾನ ಮಾಡುವವರು, ಡಯಾಲಿಸಿಸ್‌ನಲ್ಲಿರುವವರು ಕಾಲಿನ ದೂರನ್ನು ವೈದ್ಯರ ಮುಂದೆ ನುಂಗಿಕೊಳ್ಳಬಾರದು. ಮಾತ್ರೆ ಬರೆದುಕೊಟ್ಟರೆ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ, ಚಹಾ, ಹಾಲು ಅದರ ಹತ್ತಿರ ಸುಳಿಯದಿರಲಿ. ಪರೀಕ್ಷೆ ಮಾಡಿಸದೆ ಮಾತ್ರೆ ನುಂಗಬೇಡಿ, ಕಬ್ಬಿಣ ಹೆಚ್ಚಾದರೂ ಕೇಡೇ.

3. ಮಾತ್ರೆ ಡಬ್ಬಿ ತೆರೆದು ನೋಡಿ.
ನೆಗಡಿಗೆ ಕುಡಿಯುವ, ನಿದ್ದೆ ಬರಿಸುವ ಅಲರ್ಜಿ ಸಿರಪ್ಪು, ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಖಿನ್ನತೆಯ ಕೆಲವು ಔಷಧಿಗಳು ಈ ಕಾಟವನ್ನು ಕೆರಳಿಸುತ್ತವೆ. ನಿದ್ದೆ ಬರಲೆಂದು ಸಿರಪ್ಪು ಕುಡಿದು ಬೆಳಗಿನವರೆಗೆ ಕಾಲು ಒದರಿದವಳು ನಾನು. ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

4. ಕಾಫಿ ಮಧ್ಯಾಹ್ನಕ್ಕೆ ಮುಗಿಯಲಿ.
ಮದ್ಯ, ಬೀಡಿ, ಸಿಗರೇಟಿಗೂ ಇದೇ ಮಾತು. ಅವನ್ನು ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

5. ಶೀಟಿನ ತುಂಡು, ಉಪ್ಪಿನ ಶಾಖ.
ಸವೆದ ಹತ್ತಿ ಶೀಟಿನ ಗಟ್ಟಿ ಭಾಗದಿಂದ ಎರಡು ಪದರದ ಗೇಣುದ್ದದ ಚೀಲ ಹೊಲಿಯಿರಿ. ಕಲ್ಲುಪ್ಪು ಬೆಚ್ಚಗೆ ಹುರಿದು ಅದರಲ್ಲಿ ಕಟ್ಟಿ, ಮಲಗುವ ಮುಂಚೆ ಮೀನಖಂಡಕ್ಕೆ ಒತ್ತಿ. ಮೊದಲು ಮುಂಗೈಗೆ ಮುಟ್ಟಿಸಿ ಬಿಸಿ ನೋಡಿಕೊಳ್ಳಿ. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರು ಶಾಖದ ಗೊಡವೆಗೆ ಹೋಗಬಾರದು, ಸುಟ್ಟದ್ದೇ ತಿಳಿಯುವುದಿಲ್ಲ. ಕೆಲವರಿಗೆ ತಣ್ಣೀರ ಪಟ್ಟಿಯೇ ಹಿತ. ಅದಕ್ಕೂ ಈ ಮೆತ್ತನೆ ಬಟ್ಟೆಯೇ ಸರಿ.

6. ಹರಿಯುವ ಮೊದಲೇ ತಿರುಗಿಸಿ.
ಪ್ರತಿ ಒಗೆತಕ್ಕೂ ಶೀಟಿನ ತಲೆ, ಕಾಲು ಅದಲುಬದಲು ಮಾಡಿ. ಒಡೆದ ಹಿಮ್ಮಡಿ ನೂಲನ್ನು ಕೊಕ್ಕೆಯಂತೆ ಎಳೆಯುತ್ತದೆ, ರಾತ್ರಿ ಎಣ್ಣೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ನಡುಭಾಗ ತೆಳುವಾಗಿ ಅಂಚು ಗಟ್ಟಿಯಿದ್ದರೆ ಶೀಟನ್ನು ಉದ್ದಕ್ಕೆ ಸರಿಯಾಗಿ ಎರಡು ಸೀಳಿ. ಹೊರ ಅಂಚುಗಳೆರಡನ್ನೂ ನಡುವಿಗೆ ತಂದು ಕೂಡಿಸಿ ಹೊಲಿದು, ಸೀಳಿದ ಬದಿಗಳನ್ನು ಮಡಚಿ ಅಂಚು ಕಟ್ಟಿ. ಸವೆದದ್ದು ಪಕ್ಕಕ್ಕೆ ಹೋಗುತ್ತದೆ, ಗಟ್ಟಿಯಾದದ್ದು ಮೈಯಡಿಗೆ ಬರುತ್ತದೆ. ನಡುವಿನ ಹೊಲಿಗೆ ಎರಡು ದಿನ ಒತ್ತುತ್ತದೆ, ಆಮೇಲೆ ಮರೆತುಹೋಗುತ್ತದೆ.

7. ಕಾಲು ಕಾಡುವ ಹೊತ್ತಿಗೆ ಕೈಗೆ ಕೌದಿ ಕೊಡಿ.
ಮನಸ್ಸು ಒಂದು ಕೆಲಸದಲ್ಲಿ ನೆಟ್ಟರೆ ಈ ಕಾಟ ತಗ್ಗುತ್ತದೆ. ಟಿವಿ ಮುಂದೆ ಸುಮ್ಮನೆ ಕೂತಾಗ ಕೆರಳುವ ಕಾಲು, ಸೂಜಿ ಹಿಡಿದಾಗ ಗಂಟೆಗಟ್ಟಲೆ ತೆಪ್ಪಗಿರುವುದನ್ನು ಕಂಡಿದ್ದೇನೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ, ಚಾದರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಕವಂದಿಯನ್ನಂತೂ ನೋಡಲೇಬೇಕು. ಅವರು ಅಂಚಿನಿಂದ ಶುರುಮಾಡಿ, ತುಂಡು ಜೋಡಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಕೂರಿಸದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ಸವೆದ ಶೀಟು ಕೌದಿಯ ಹೊಟ್ಟೆಗೆ ಹೇಳಿ ಮಾಡಿಸಿದ್ದು: ನೂರಾರು ಸಲ ಒಗೆದು ಮೃದುವಾಗಿರುತ್ತದೆ, ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ. ಉದ್ದ ಸೂಜಿ, ದಪ್ಪ ನೂಲು, ಸರಳ ದಾಟು ಹೊಲಿಗೆ ಸಾಕು. ನಾನು ನೆಲದ ಮೇಲೆ ಹರವಿಕೊಂಡು ಹೊಲಿಯುತ್ತೇನೆ. ಒಂದು ಬದಿ ಮುಗಿದೊಡನೆ ಎದ್ದು ಇನ್ನೊಂದು ಬದಿಗೆ ಹೋಗಬೇಕಾಗುವುದರಿಂದ ಕಾಲಿಗೂ ಅದರ ನಡಿಗೆ ಸಿಗುತ್ತದೆ.

8. ಉಳಿದ ಚೂರೂ ಬಟ್ಟೆಯೇ.
ದೊಡ್ಡದು ಮಾಳಿಗೆಯಲ್ಲಿ ಹಪ್ಪಳ, ಸಂಡಿಗೆ ಹಾಕಲು. ಚೌಕವಾದದ್ದು ಮೊಳಕೆ ಕಾಳು ಕಟ್ಟಲು, ಮೊಸರು ಸೋಸಲು. ಉದ್ದ ಪಟ್ಟಿಗಳನ್ನು ಜಡೆ ಹೆಣೆದು ಸುತ್ತಿ ಹೊಲಿದರೆ ಕಾಲೊರಸು. ತೀರಾ ಜೀರ್ಣವಾದದ್ದು ಮಸಿಬಟ್ಟೆ. ಪಾಲಿಯೆಸ್ಟರ್ ಬೆರೆತದ್ದನ್ನು ಒಲೆಯ ಹತ್ತಿರ ಒಯ್ಯಬೇಡಿ, ಕರಗಿ ಕೈಗೆ ಅಂಟುತ್ತದೆ.

9. ಹಾಸು ಒಂದೇ ಇರಲಿ, ಹೊದಿಕೆ ಎರಡಿರಲಿ.
ಈ ಕಾಯಿಲೆಯ ಬಹುಪಾಲು ಜನರಲ್ಲಿ ನಿದ್ದೆಯಲ್ಲೂ ಕಾಲು ಎಗರುತ್ತದೆ, ಅನೇಕ ಸಲ 20ರಿಂದ 40 ಸೆಕೆಂಡಿಗೊಮ್ಮೆ. ಮಲಗಿದವರಿಗೆ ಅದು ತಿಳಿಯುವುದಿಲ್ಲ, ಪಕ್ಕದವರಿಗೆ ತಿಳಿಯುತ್ತದೆ. ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಈ ಕಾಯಿಲೆಗೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದು, ರಾತ್ರಿಯ ಕಾಟ ಸಂಜೆಗೇ, ಆಮೇಲೆ ಮಧ್ಯಾಹ್ನಕ್ಕೇ ಬರತೊಡಗಿದರೆ, ಕೈಗೂ ಹಬ್ಬಿದರೆ ತಡಮಾಡದೆ ಹೇಳಿ. ಅದು ಮಾತ್ರೆಯೇ ತಿರುಗಿ ಬೀಳುತ್ತಿರುವ ಸೂಚನೆ ಇರಬಹುದು, ಪ್ರಮಾಣ ಏರಿಸಿದರೆ ಇನ್ನೂ ಕೆಡುತ್ತದೆ. ಒಬ್ಬರ ಒದೆತಕ್ಕೆ ಇನ್ನೊಬ್ಬರ ಹೊದಿಕೆ ಜಾರದಿರಲೆಂದು ನಮ್ಮ ಮಂಚದ ಮೇಲೆ ಈಗ ಎರಡು ಕೌದಿಗಳಿವೆ. ನನ್ನದರ ಕಾಲ ಕಡೆಗೆ ಒಂದು ಪದರ ಹೆಚ್ಚು ಕೊಟ್ಟು ಹೊಲಿದಿದ್ದೇನೆ.