ಲಾಡಿಹುಳುವೂ ತಲೆನೋವೂ

ಶಾಲೆಗೆ ಹೋಗುವ ಮಗು ಪದೇ ಪದೇ ತಲೆನೋವೆಂದರೆ, ಪಾಠ ತಪ್ಪಿಸಿಕೊಳ್ಳುವ ನೆಪವೆಂದು ಹಿರಿಯರು ಗದರಿಸುವುದುಂಟು. ಕೆಲವೊಮ್ಮೆ ಅದು ನೆಪವೇ ಆಗಿರಬಹುದು. ಬಹುಪಾಲು ಮಕ್ಕಳಲ್ಲಿ ನಿದ್ರೆಯ ಕೊರತೆ, ಹಸಿವು, ದೃಷ್ಟಿದೋಷ, ಅರೆತಲೆನೋವು ಮುಂತಾದ ಕಾರಣಗಳಿರುತ್ತವೆ. ಆದರೆ ನಮ್ಮ ದೇಶದಲ್ಲಿ ಮರೆಯಲಾಗದ ಇನ್ನೊಂದು ಕಾರಣವೂ ಉಂಟು. ಹಂದಿಯ ಲಾಡಿಹುಳುವಿನ ಮರಿ ಮಿದುಳಿನಲ್ಲಿ ನೆಲಸುವುದೇ ಅದು. ವೈದ್ಯರು ಇದನ್ನು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ಬೆಳೆದ ಲಾಡಿಹುಳು ವಾಸಿಸುವುದು ಮನುಷ್ಯನ ಕರುಳಿನಲ್ಲಿ. ಅದು ಹಲವು ಮೀಟರುಗಳಷ್ಟು ಉದ್ದ ಬೆಳೆಯಬಲ್ಲುದು. ಅದರ ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದಾಗ, ಮೊಟ್ಟೆಗಳಿಂದ ಹೊರಟ ಮರಿಗಳು ಅದರ ಮಾಂಸದಲ್ಲಿ ನೀರು ತುಂಬಿದ ಸಣ್ಣ ಚೀಲಗಳಾಗುತ್ತವೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಜರ್ಮನಿಯ ವೈದ್ಯ ಕ್ಯೂಖೆನ್‌ಮೈಸ್ಟರ್ 1855ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನಿಗೆ ಇಂತಹ ಚೀಲಗಳನ್ನು ಆಹಾರದಲ್ಲಿ ಬೆರೆಸಿ ಉಣಿಸಿ, ಅವನ ಮರಣಾನಂತರ ಕರುಳಿನಲ್ಲಿ ಎಳೆಯ ಹುಳುಗಳನ್ನು ಕಂಡು ಈ ಸಂಬಂಧವನ್ನು ಸ್ಥಾಪಿಸಿದನು. ಸತ್ಯ ದೊರೆಯಿತು, ನಿಜ. ಆದರೆ ಅಂತಹ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು.

ಹಾಗಾದರೆ ಹಂದಿಮಾಂಸವನ್ನೇ ಮುಟ್ಟದ ಮನೆಯ ಮಗುವಿಗೆ ಈ ರೋಗ ಬರುವುದೆಂತು? ಅನೇಕರು ತಪ್ಪು ತಿಳಿಯುವುದು ಇಲ್ಲಿಯೇ. ಮಾಂಸದಿಂದ ಬರುವುದು ಕರುಳಿನ ಹುಳು. ಮಿದುಳಿನ ರೋಗ ಬರುವುದು ಮೊಟ್ಟೆಯನ್ನು ನುಂಗಿದುದರಿಂದ. ಕರುಳಿನಲ್ಲಿ ಹುಳುವಿರುವವರು ಶೌಚದ ಬಳಿಕ ಕೈತೊಳೆಯದೆ ಉಣಬಡಿಸಿದರೆ, ಕೊಳಚೆ ನೀರು ಹಾಯಿಸಿ ಬೆಳೆದ ಮೂಲಂಗಿಯನ್ನೋ ಕೊತ್ತಂಬರಿಸೊಪ್ಪನ್ನೋ ತೊಳೆಯದೆ ತಿಂದರೆ, ಕಣ್ಣಿಗೆ ಕಾಣದ ಮೊಟ್ಟೆಗಳು ಶುದ್ಧ ಸಸ್ಯಾಹಾರಿಯ ಹೊಟ್ಟೆಯನ್ನೂ ಸೇರುತ್ತವೆ. ಅಲ್ಲಿ ಮೊಟ್ಟೆಯೊಡೆದ ಮರಿ ಕರುಳಿನ ಭಿತ್ತಿಯನ್ನು ಕೊರೆದು, ರಕ್ತಪ್ರವಾಹದೊಡನೆ ಸ್ನಾಯು, ಕಣ್ಣು ಅಥವಾ ಮಿದುಳನ್ನು ತಲಪುತ್ತದೆ.

ಮಿದುಳಿನಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ವಿಚಿತ್ರವೆಂದರೆ, ಅನೇಕ ವೇಳೆ ತೊಂದರೆ ತೋರುವುದು ಅದು ಸಾಯತೊಡಗಿದಾಗ. ಆಗ ಸುತ್ತಲಿನ ಭಾಗ ಊದಿಕೊಂಡು ತಲೆನೋವು, ವಾಂತಿ, ಸೆಳವು ಉಂಟಾಗುತ್ತವೆ. ಮಕ್ಕಳಲ್ಲಿ ಸೆಳವೇ ಮೊದಲು ಕಾಣುವುದು ಹೆಚ್ಚು. ಅದನ್ನು ಗಾಳಿಯ ಸೋಂಕೆಂದು ಬಗೆದು ಮಂತ್ರ, ತಾಯಿತಗಳಲ್ಲಿ ಕಾಲ ಕಳೆದವರು ಎಷ್ಟೋ ಮಂದಿ.

ತಲೆನೋವು ದಿನೇ ದಿನೇ ಹೆಚ್ಚುತ್ತಿದ್ದರೆ, ವಾಂತಿಯೊಡನೆ ಬಂದರೆ ಅಥವಾ ಸೆಳವು ತೋರಿದರೆ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಮರಿಯ ಚೀಲವನ್ನು ಗುರುತಿಸಬಹುದು. ಅಂಗಡಿಯಿಂದ ತಾವೇ ಜಂತುಹುಳುವಿನ ಮಾತ್ರೆ ತಂದು ಕೊಡುವುದು ಸಲ್ಲದು. ಮರಿಗಳು ಒಮ್ಮೆಗೇ ಸತ್ತರೆ ಮಿದುಳಿನ ಊತ ಹೆಚ್ಚೀತು. ಆದ್ದರಿಂದಲೇ ವೈದ್ಯರು ಊತ ತಗ್ಗಿಸುವ ಔಷಧವನ್ನೂ ಜೊತೆಗೆ ಕೊಡುತ್ತಾರೆ. ಒಂದೇ ಚೀಲವಿರುವ ಮಕ್ಕಳಲ್ಲಿ ಅದು ಅನೇಕ ವೇಳೆ ಕೆಲವು ತಿಂಗಳುಗಳಲ್ಲಿ ಕುಗ್ಗಿ ಮಾಯವಾಗುತ್ತದೆ. ಕೆಲವರಲ್ಲಿ ಸುಣ್ಣಗಟ್ಟಿದ ಚುಕ್ಕೆಯೊಂದು ಉಳಿಯುತ್ತದೆ. ಅಂತಹವರು ಸೆಳವಿನ ಔಷಧವನ್ನು ವೈದ್ಯರು ಹೇಳುವವರೆಗೂ ನಿಲ್ಲಿಸಬಾರದು.