ಚೀಟಿಯಲ್ಲಿ ಸಿಲಿಂಡರ್ ಪವರ್ ಇದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದೇ?

ಕಣ್ಣಿನ ಪರೀಕ್ಷೆ ಮಾಡಿಸಿದಾಗ ಕೊಡುವ ಚೀಟಿಯಲ್ಲಿ ಮುಖ್ಯವಾಗಿ ಮೂರು ಅಂಕಣಗಳಿರುತ್ತವೆ: ಸ್ಫೆರಿಕಲ್, ಸಿಲಿಂಡರ್ ಮತ್ತು ಆಕ್ಸಿಸ್. ಮೊದಲನೆಯ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಎರಡನೆಯ ಅಂಕಣದಲ್ಲಿರುವ ಮೈನಸ್ 0.50 ಅಥವಾ ಮೈನಸ್ 0.75ನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಕನ್ನಡಕ ಹಾಕುವ ತನಕ ಅದರಿಂದ ತೊಂದರೆಯೂ ಇಲ್ಲ, ಗಾಜಿನಲ್ಲಿ ಅದನ್ನೂ ಸೇರಿಸಿಯೇ ಕೊಡುತ್ತಾರೆ. ಪ್ರಶ್ನೆ ಏಳುವುದು ಲೆನ್ಸ್ ಬೇಕೆಂದಾಗ. ನಿಖಾಬ್ ಧರಿಸುವ ಸಹೋದರಿಯರಿಗೆ ಉಸಿರಿನ ಆವಿಯಿಂದ ಕನ್ನಡಕ ಮಂಜಾಗುವುದು ದಿನನಿತ್ಯದ ಕಿರಿಕಿರಿ. ಹಾಗಾಗಿ ಲೆನ್ಸಿನ ಬಗ್ಗೆ ಕೇಳುವವರಲ್ಲಿ ಅವರೂ ಬಹಳ ಮಂದಿ. ‘ನಿಮಗೆ ಸಿಲಿಂಡರ್ ಇದೆ, ಲೆನ್ಸ್ ಆಗುವುದಿಲ್ಲ’ ಎಂದು ಅಂಗಡಿಯಲ್ಲಿ ಹೇಳಿ ಕಳುಹಿಸುವುದುಂಟು. ಇದು ಹಳೆಯ ಮಾತು, ಈಗ ಸರಿಯಲ್ಲ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದು ಚೆಂಡಿನ ಮೇಲ್ಮೈಯಂತೆ ಎಲ್ಲ ಕಡೆಗೂ ಸಮನಾಗಿ ಬಾಗಿದ್ದರೆ ಬೆಳಕು ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಕೆಲವರಲ್ಲಿ ಅದು ಕೋಳಿಮೊಟ್ಟೆಯ ಮಗ್ಗುಲಿನಂತೆ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಾಗಿರುತ್ತದೆ. ಆಗ ಅಕ್ಷರಗಳಿಗೆ ನೆರಳು ಬಂದಂತೆ, ರಾತ್ರಿ ವಾಹನದ ದೀಪ ಗೆರೆಗೆರೆಯಾಗಿ ಚೆಲ್ಲಿದಂತೆ ಕಾಣುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಇದು ರೋಗವಲ್ಲ, ಕಣ್ಣಿನ ಆಕಾರ ಅಷ್ಟೆ. ಒಂದಕ್ಕಿಂತ ಕಡಿಮೆ ಸಿಲಿಂಡರ್ ಇರುವವರು ನಮ್ಮ ನಡುವೆ ಬಹಳಷ್ಟು ಜನರಿದ್ದಾರೆ.

ಸಿಲಿಂಡರ್ 0.25 ಅಥವಾ 0.50 ಆಗಿದ್ದರೆ ಸಾಮಾನ್ಯ ಲೆನ್ಸೇ ಸಾಕಾಗುತ್ತದೆ. ಸಿಲಿಂಡರಿನ ಅರ್ಧವನ್ನು ಮೊದಲ ಸಂಖ್ಯೆಗೆ ಸೇರಿಸುವುದು ಇಲ್ಲಿನ ಲೆಕ್ಕ. ಮೈನಸ್ 3.00 ಪವರ್, ಮೈನಸ್ 0.50 ಸಿಲಿಂಡರ್ ಇರುವವರಿಗೆ ಮೈನಸ್ 3.25ರ ಲೆನ್ಸ್ ಹಾಕಿ ನೋಡುತ್ತಾರೆ. ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

0.75ರಿಂದ ಲೆಕ್ಕ ಬದಲಾಗುತ್ತದೆ. ಸಿಲಿಂಡರ್ ಸರಿಪಡಿಸುವ ‘ಟೋರಿಕ್’ ಮೆದು ಲೆನ್ಸುಗಳು ಸಾಮಾನ್ಯವಾಗಿ ಸಿಗುವುದು ಇಲ್ಲಿಂದಲೇ: 0.75, 1.25, 1.75 ಹೀಗೆ. ಮೊದಲ ಪವರ್ ಐದೋ ಆರೋ ಇದ್ದವರಿಗೆ 0.75 ಸಿಲಿಂಡರ್ ಬಿಟ್ಟರೂ ನಡೆದೀತು. ಆದರೆ ಮೊದಲ ಪವರೇ ಒಂದರೊಳಗಿದ್ದು ಸಿಲಿಂಡರ್ 0.75 ಇದ್ದರೆ, ಮಸುಕಿಗೆ ಅದೇ ದೊಡ್ಡ ಕಾರಣ. ಅಂಥವರು, ಹಾಗೆಯೇ ರಾತ್ರಿ ವಾಹನ ಓಡಿಸುವವರು ಮತ್ತು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಟೋರಿಕ್ ಲೆನ್ಸನ್ನೇ ಆರಿಸಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ‘ಆಸ್ಫೆರಿಕ್’ ಎಂದು ಬರೆದಿರುವ ಲೆನ್ಸ್ ಸಿಲಿಂಡರನ್ನೂ ಸರಿಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವೆರಡೂ ಬೇರೆ ಬೇರೆ.

ಟೋರಿಕ್ ಲೆನ್ಸಿಗೆ ತಲೆ ಬುಡ ಇದೆ. ಸಾಮಾನ್ಯ ಲೆನ್ಸ್ ಕಣ್ಣಿನಲ್ಲಿ ಹೇಗೆ ತಿರುಗಿದರೂ ನಡೆಯುತ್ತದೆ, ಇದು ಆಕ್ಸಿಸ್ ಅಂಕಣ ಹೇಳಿದ ಕೋನದಲ್ಲೇ ನಿಲ್ಲಬೇಕು. ಅದಕ್ಕಾಗಿ ಹಲವು ಲೆನ್ಸುಗಳಲ್ಲಿ ಕೆಳಭಾಗವನ್ನು ಕೊಂಚ ದಪ್ಪ ಮಾಡಿರುತ್ತಾರೆ, ರೆಪ್ಪೆ ಮಿಟುಕಿಸಿದಾಗ ಲೆನ್ಸ್ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಅಂಚಿನಲ್ಲಿ ಸಣ್ಣ ಗುರುತುಗಳೂ ಇರುತ್ತವೆ. 10 ಡಿಗ್ರಿ ತಪ್ಪಿ ನಿಂತರೆ ಸುಮಾರು ಮೂರನೇ ಒಂದು ಭಾಗ ಪರಿಣಾಮ ಹೋಯಿತು, 30 ಡಿಗ್ರಿ ತಪ್ಪಿದರೆ ಹಾಕಿ ಪ್ರಯೋಜನವೇ ಇಲ್ಲ. ಹೀಗಾಗಿ ಕನ್ನಡಕದ ಚೀಟಿ ತೋರಿಸಿ ಲೆನ್ಸ್ ಖರೀದಿಸುವುದು ಸರಿಯಲ್ಲ. ಆ ಚೀಟಿಯಲ್ಲಿ ಲೆನ್ಸಿನ ಬಾಗು, ಅಗಲ ಇರುವುದಿಲ್ಲ. ಪವರ್ 4 ದಾಟಿದವರಿಗೆ ಕನ್ನಡಕದ ಸಂಖ್ಯೆಯೇ ಲೆನ್ಸಿಗೆ ಹೊಂದುವುದಿಲ್ಲ. ಪರೀಕ್ಷೆಗೆಂದು ಲೆನ್ಸ್ ಹಾಕಿಸಿಕೊಂಡು ಹದಿನೈದು ಇಪ್ಪತ್ತು ನಿಮಿಷ ಕುಳಿತು, ಯಂತ್ರದಲ್ಲಿ ಅದು ನಿಂತಿರುವ ರೀತಿ ನೋಡಿಸಿಕೊಳ್ಳಿ. ದೃಷ್ಟಿ ಒಮ್ಮೆ ಸ್ಪಷ್ಟ, ಒಮ್ಮೆ ಮಸುಕು ಎಂದಾದರೆ ಲೆನ್ಸ್ ತಿರುಗುತ್ತಿದೆ ಎಂದರ್ಥ. ನಾಚಿಕೊಳ್ಳದೆ ಬೇರೆ ಕಂಪೆನಿಯದನ್ನು ಕೇಳಿ. ಮೆದು ಲೆನ್ಸ್ ಹೊಂದದವರಿಗೆ ಗಟ್ಟಿ ಆರ್‌ಜಿಪಿ ಲೆನ್ಸ್ ಇದೆ. ದೃಷ್ಟಿ ಬಹಳ ಸ್ಪಷ್ಟ, ಆದರೆ ರೂಢಿಯಾಗಲು ಕೆಲವು ವಾರ ಬೇಕು.

ಒಂದು ಎಚ್ಚರಿಕೆ. ಹದಿಹರೆಯದ ಮಕ್ಕಳ ಸಿಲಿಂಡರ್ ಪ್ರತಿ ಪರೀಕ್ಷೆಯಲ್ಲೂ ಏರುತ್ತಿದ್ದರೆ, ಜೊತೆಗೆ ಅಲರ್ಜಿಯಿಂದ ಕಣ್ಣುಜ್ಜುವ ಅಭ್ಯಾಸವಿದ್ದರೆ, ಲೆನ್ಸಿನ ಮಾತು ಬದಿಗಿಟ್ಟು ಮೊದಲು ಕಣ್ಣಿನ ವೈದ್ಯರಿಂದ ಕಾರ್ನಿಯಾದ ಟೋಪೋಗ್ರಫಿ ಮಾಡಿಸಿ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಹೀಗೆಯೇ ಆರಂಭವಾಗುತ್ತದೆ. ಬೇಗ ತಿಳಿದರೆ ಅದನ್ನು ತಡೆಯುವ ಚಿಕಿತ್ಸೆ ಇದೆ.

ಇನ್ನು ವುಝೂ. ಲೆನ್ಸ್ ತೆಗೆದೇ ವುಝೂ ಮಾಡಬೇಕೆ ಎಂದು ಕೇಳುವವರಿದ್ದಾರೆ. ಮುಖ ತೊಳೆಯುವಾಗ ಕಣ್ಣಿನೊಳಗೆ ನೀರು ತಲುಪಿಸುವುದು ಕಡ್ಡಾಯವಲ್ಲ, ಆದ್ದರಿಂದ ತೆಗೆಯಬೇಕಾಗಿಲ್ಲ. ಆದರೆ ನೀರು ಲೆನ್ಸಿಗೆ ಶತ್ರು. ನಲ್ಲಿ, ಬಾವಿ, ಹೌಝ್ ಯಾವುದರ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿಗೆ ಅಂಟಿ ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ಕಣ್ಣೇ ಹೋದವರಿದ್ದಾರೆ. ಕಣ್ಣನ್ನು ಮೆಲ್ಲನೆ ಮುಚ್ಚಿ ಮುಖ ತೊಳೆದು, ರೆಪ್ಪೆಗಳನ್ನು ಬಟ್ಟೆಯಿಂದ ಒರೆಸಿದ ಮೇಲೆಯೇ ಕಣ್ಣು ತೆರೆಯಿರಿ. ಸ್ನಾನ ಮುಗಿಸಿ ಲೆನ್ಸ್ ಹಾಕಿ. ವುಝೂ ಮಾಡಿದ ಒದ್ದೆ ಕೈಯಿಂದ ಲೆನ್ಸ್ ಮುಟ್ಟಬೇಡಿ. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿರಬೇಕು. ದಿನಕ್ಕೆ ಐದು ಬಾರಿ ಮುಖಕ್ಕೆ ನೀರು ತಾಗುವವರಿಗೆ, ರಾತ್ರಿ ತೆಗೆದು ಬಿಸಾಡುವ ಒಂದು ದಿನದ ಟೋರಿಕ್ ಲೆನ್ಸ್ ಹೆಚ್ಚು ಕ್ಷೇಮ. ದುಬಾರಿ ಎನಿಸಿದರೆ ಹೊರಗೆ ಹೋಗುವ ದಿನಕ್ಕೆ ಮಾತ್ರ ಬಳಸಿ, ಮನೆಯಲ್ಲಿ ಕನ್ನಡಕ ಹಾಕಿ.

ತಿಂಗಳ ಲೆನ್ಸ್ ಎಂದರೆ ಪೊಟ್ಟಣ ಒಡೆದ ದಿನದಿಂದ ಒಂದು ತಿಂಗಳು, ಮೂವತ್ತು ಸಲ ಹಾಕುವುದು ಎಂದಲ್ಲ. ದ್ರಾವಣವನ್ನು ದಿನವೂ ಬದಲಿಸಿ, ಹಳತಿಗೆ ಹೊಸತು ಸುರಿಯಬೇಡಿ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಎಸೆಯಿರಿ. ಝುಹರ್ ಬಳಿಕದ ಸಣ್ಣ ನಿದ್ದೆಯಾದರೂ ಲೆನ್ಸ್ ತೆಗೆದಿಟ್ಟೇ ಮಲಗಬೇಕು. ಸುರ್ಮಾದ ಪುಡಿ ಲೆನ್ಸಿನಡಿ ಸೇರಿದರೆ ಕಾರ್ನಿಯಾ ಗೀರುತ್ತದೆ. ಹಲವು ಸುರ್ಮಾಗಳಲ್ಲಿ ಸೀಸದ ಅಂಶವೂ ಇರುವುದರಿಂದ ಅದನ್ನು ಬಿಡುವುದೇ ಲೇಸು. ಮದುವೆ, ಈದ್ ಬಂತೆಂದರೆ ಅಕ್ಕತಂಗಿಯರು ಬಣ್ಣದ ಲೆನ್ಸನ್ನು ಹಂಚಿಕೊಂಡು ಹಾಕುವುದು ಇನ್ನೂ ನಿಂತಿಲ್ಲ. ಒಬ್ಬರ ಕಣ್ಣಿನ ಸೋಂಕು ಇನ್ನೊಬ್ಬರಿಗೆ ದಾಟಲು ಅಷ್ಟು ಸಾಕು.

ಉಪವಾಸದ ಮಧ್ಯಾಹ್ನ ಕಣ್ಣು ಒಣಗಿ ಲೆನ್ಸ್ ಚುಚ್ಚಿದಂತಾಗಬಹುದು. ಕಣ್ಣಿಗೆ ಹನಿ ಹಾಕುವುದರಿಂದ ಹನಫಿ, ಶಾಫಿಈ ಕರ್ಮಶಾಸ್ತ್ರದ ಪ್ರಕಾರ ಉಪವಾಸ ಮುರಿಯುವುದಿಲ್ಲ. ಆದರೂ ಮನಸ್ಸೊಪ್ಪದವರು ರಮಝಾನಿನಲ್ಲಿ ಕನ್ನಡಕಕ್ಕೆ ಮರಳಲಿ. ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಔಷಧದಂಗಡಿಯ ಹನಿಮದ್ದು ತಂದು ಕಾಯುತ್ತಾ ಕೂರಬೇಡಿ. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಸೋಂಕಿನ ಮೂಲ ಪತ್ತೆಗೆ ಅವು ಬೇಕಾಗುತ್ತವೆ.