ಸ್ಕ್ಲೆರೊಡರ್ಮ ಉಳ್ಳವರ ಬೆರಳ ವ್ರಣ ಕೀವುಗಟ್ಟಿದರೆ

ಈಳಿಗೆ ತಗುಲಿಯೋ ಮುಳ್ಳು ಚುಚ್ಚಿಯೋ ಬೆರಳಿಗೆ ಗಾಯವಾದರೆ ಆರೋಗ್ಯವಂತರು ನಾಲ್ಕು ದಿನಗಳಲ್ಲಿ ಅದನ್ನು ಮರೆತುಬಿಡುತ್ತಾರೆ. ಅಲ್ಲಿಗೆ ಹರಿದುಬರುವ ರಕ್ತದ ಬಲದಿಂದ ಗಾಯ ತಾನಾಗಿಯೇ ಮಾಯುತ್ತದೆ. ಚರ್ಮವು ಬಿಗಿದು ಗಡುಸಾಗುವ ಸ್ಕ್ಲೆರೊಡರ್ಮ ವ್ಯಾಧಿಯುಳ್ಳವರಲ್ಲಿ ಆ ರಕ್ತಕ್ಕೇ ಅಭಾವ. ಬೆರಳ ಸೂಕ್ಷ್ಮ ರಕ್ತನಾಳಗಳ ಒಳಪದರವು ದಪ್ಪವಾಗಿ ದಾರಿ ಕಿರಿದಾಗಿರುತ್ತದೆ. ಸಾಲದುದಕ್ಕೆ, ಫ್ರೆಂಚ್ ವೈದ್ಯ ಮಾರಿಸ್ ರೇನೋ 1862ರಷ್ಟು ಹಿಂದೆಯೇ ವರ್ಣಿಸಿದಂತೆ, ಶೈತ್ಯ ಸೋಕಿದೊಡನೆ ಆ ನಾಳಗಳು ಸಂಕೋಚಗೊಂಡು ಬೆರಳು ಮೊದಲು ಬಿಳಿಚಿ, ತರುವಾಯ ನೀಲಿಗಟ್ಟಿ, ಕಡೆಗೆ ಕೆಂಪಾಗುತ್ತದೆ. ಒಳ ಅಂಗಗಳನ್ನೂ ಬಾಧಿಸುವ ಬಗೆಯ ಸ್ಕ್ಲೆರೊಡರ್ಮ ಉಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ಬೆರಳ ತುದಿಯಲ್ಲಿಯೋ ಗೆಣ್ಣಿನ ಮೇಲೆಯೋ ವ್ರಣವೇಳುವುದುಂಟು. ಇಂತಹ ವ್ರಣಕ್ಕೆ ಸೋಂಕು ತಗುಲಿದಾಗ ಕೊಡುವ ಔಷಧವೂ ಅದೇ ಇಕ್ಕಟ್ಟಾದ ನಾಳಗಳಲ್ಲಿಯೇ ಸಾಗಿ ಗಾಯವನ್ನು ಮುಟ್ಟಬೇಕು. ಆದುದರಿಂದ ಸೋಂಕಿನ ಚಿಕಿತ್ಸೆಯೂ ರಕ್ತಸಂಚಾರದ ಚಿಕಿತ್ಸೆಯೂ ಜೊತೆಜೊತೆಯಾಗಿ ನಡೆಯತಕ್ಕದ್ದು.

ಮೊತ್ತಮೊದಲು ಸೋಂಕನ್ನು ಗುರುತಿಸಬೇಕು. ಇದು ತೋರುವಷ್ಟು ಸುಲಭವಲ್ಲ. ಸಾಸಿವೆಕಾಳಿನಷ್ಟು ಹುಣ್ಣಾದರೂ ಮುಟ್ಟಿದರೆ ಜೀವ ಹೋಗುವಂತಹ ನೋವು ಈ ರೋಗಿಗಳಿಗೆ ಪರಿಚಿತವೇ. ಆದರೆ ಚಳಿಗೆ ಹೆಚ್ಚಿ ಬೆಚ್ಚಗಾದರೆ ತಗ್ಗುತ್ತಿದ್ದ ವೇದನೆಯು ಹೊದ್ದು ಮಲಗಿದಾಗಲೂ ಟಪಟಪನೆ ಮಿಡಿಯುತ್ತ ನಿದ್ರೆಗೆಡಿಸತೊಡಗಿತೆಂದರೆ ಎಚ್ಚರಗೊಳ್ಳಬೇಕು. ಸದಾ ತಣ್ಣಗಿರುವ ಕೈಯಲ್ಲಿ ಒಂದು ಬೆರಳು ಮಾತ್ರ ಬಿಸಿಯಾಗಿರುವುದು, ಊದಿಕೊಳ್ಳುವುದು, ಕೀವು ಒಸರುವುದು, ದುರ್ಗಂಧ ಬರುವುದು, ಹುಣ್ಣು ದಿನೇ ದಿನೇ ಅಗಲವಾಗುವುದು ಇವೆಲ್ಲ ಸೋಂಕಿನ ಲಕ್ಷಣಗಳು. ಪುಸ್ತಕಗಳು ಹೇಳುವ ಕೆಂಪು ನಮ್ಮ ಕಂದುಬಣ್ಣದ ಚರ್ಮದಲ್ಲಿ ಸ್ಪಷ್ಟವಾಗಿ ಕಾಣದೆ ಬರಿಯ ಕಪ್ಪುಛಾಯೆಯಾಗಿ ತೋರಬಹುದು. ಪಕ್ಕದ ಬೆರಳೊಡನೆ ಹೋಲಿಸಿ ನೋಡಿ, ದಿನವೂ ಅದೇ ಬೆಳಕಿನಲ್ಲಿ ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟುಕೊಂಡರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಜ್ವರವಿಲ್ಲವೆಂದು ನೆಮ್ಮದಿ ತಾಳಬಾರದು. ಸ್ಟೀರಾಯ್ಡ್, ಮೈಕೊಫಿನೊಲೇಟ್ ಮುಂತಾದ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುವವರಿಗೆ ಸೋಂಕು ಬಲಿತರೂ ಮೈ ಬಿಸಿಯಾಗದಿರಬಹುದು. ಇನ್ನು, ಚರ್ಮದ ಕೆಳಗೆ ಸುಣ್ಣದಂಶ ಗಂಟುಗಟ್ಟಿದವರಲ್ಲಿ ಟೂತ್‌ಪೇಸ್ಟಿನಂತಹ ಬಿಳಿಯ ವಸ್ತು ಹೊರಬರುವುದುಂಟು; ಅದು ಕೀವೇ ಆಗಬೇಕೆಂದಿಲ್ಲ, ಆದರೂ ಹಿಸುಕಿ ತೆಗೆಯಲು ಹೋಗಕೂಡದು.

ವೈದ್ಯರನ್ನು ಕಾಣುವ ಮುನ್ನ ಮನೆಯಲ್ಲಿ ಮಾಡಬೇಕಾದುದು ಅಲ್ಪ. ಉಂಗುರವಿದ್ದರೆ ಬಾವು ಏರುವ ಮೊದಲೇ ತೆಗೆದಿಡಬೇಕು. ಕೈಗಳನ್ನು ಸಾಬೂನಿನಿಂದ ತೊಳೆದು, ಔಷಧದಂಗಡಿಯಲ್ಲಿ ದೊರೆಯುವ ನಾರ್ಮಲ್ ಸಲೈನನ್ನು ಮೈಬಿಸಿಗೆ ತಂದು ಹುಣ್ಣಿನ ಮೇಲೆ ಮೆಲ್ಲನೆ ಸುರಿಯಬೇಕು. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಎಳೆಯದೆ ಅದೇ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಬಳಿಕ ಗಾಯಕ್ಕೆ ಅಂಟಿಕೊಳ್ಳದ ಗಾಜ್ ಇಟ್ಟು ಸಡಿಲವಾಗಿ ಸುತ್ತಬೇಕು. ಬಿಗಿದು ಕಟ್ಟಿದರೆ ಉಳಿದಿರುವ ಅಲ್ಪ ರಕ್ತಸಂಚಾರವೂ ನಿಂತೀತು. ಅರಿಶಿನ, ಕಾಫಿಪುಡಿ, ಸುಣ್ಣ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವಾವುವೂ ಬೇಡ. ಸೂಜಿಯಿಂದ ಚುಚ್ಚಿ ಕೀವು ಬಿಡಿಸುವ ಹಿತೈಷಿಗಳು ನಮ್ಮ ನೆರೆಹೊರೆಯಲ್ಲಿ ಬಹಳ. ಅವರನ್ನು ಸವಿನಯವಾಗಿ ದೂರವಿಡಬೇಕು. ಬಿಸಿನೀರಿನಲ್ಲಿ ಬೆರಳದ್ದಿ ಕೂರುವುದೂ ಸಲ್ಲದು.

ಅದೇ ದಿನ, ತಪ್ಪಿದರೆ ಮರುದಿನದೊಳಗೆ ವೈದ್ಯರನ್ನು ಕಾಣತಕ್ಕದ್ದು. ಅಲ್ಲಿ ಬಾಗಿಲಲ್ಲೇ ಹೇಳಬೇಕಾದ ಮಾತೆಂದರೆ, “ನನಗೆ ಸ್ಕ್ಲೆರೊಡರ್ಮ ಇದೆ, ಬೆರಳಿಗೆ ರಕ್ತಸಂಚಾರ ಕಡಿಮೆ” ಎಂಬುದು. ಈ ಮಾತು ಹೇಳದಿದ್ದರೆ ಸಾಮಾನ್ಯ ಉಗುರುಸುತ್ತೆಂದು ಭಾವಿಸಿ ಕೊಯ್ದುಬಿಡುವ ಸಂಭವವುಂಟು. ಕೊಯ್ದ ಗಾಯವೂ ಮಾಯದೆ ಒಂದು ಹುಣ್ಣು ಎರಡಾದೀತು. ಕೀವನ್ನು ಬಿಡಿಸಲೇಬೇಕಾದ, ಸತ್ತ ಅಂಶವನ್ನು ತೆಗೆಯಲೇಬೇಕಾದ ಪ್ರಸಂಗಗಳು ಇಲ್ಲದಿಲ್ಲ. ಆದರೆ ಅದು ಈ ವ್ಯಾಧಿಯನ್ನು ಬಲ್ಲವರ ಕೈಯಿಂದ, ಮಿತವಾಗಿ ಆಗಬೇಕು. ಸಾಧ್ಯವಾದರೆ ಆಂಟಿಬಯಾಟಿಕ್ ಆರಂಭಿಸುವ ಮುನ್ನವೇ ಗಾಯದ ದ್ರವವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸುವುದು ಲೇಸು. ಇಂತಹ ವ್ರಣಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯವಾದರೂ ಬೇರೆಯವೂ ಇರಬಹುದು. ಮಾತ್ರೆಗಳನ್ನು ನೋವಿಳಿಯಿತೆಂದು ನಡುವೆ ನಿಲ್ಲಿಸದೆ ಹೇಳಿದಷ್ಟು ದಿನವೂ ಪೂರೈಸಬೇಕು. ಬೆರಳ ತುದಿಯಲ್ಲಿ ಚರ್ಮಕ್ಕೂ ಮೂಳೆಗೂ ಅಂತರ ಅತ್ಯಲ್ಪವಾದ ಕಾರಣ ಎಕ್ಸ್‌ರೇ ಅವಶ್ಯವಾಗಬಹುದು. ಮೂಳೆಯ ಸೋಂಕು ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಕಾಣದಿರಬಹುದಾದುದರಿಂದ ಹುಣ್ಣು ಹಟಹಿಡಿದರೆ ಎಂಆರ್‌ಐ ಬಗ್ಗೆ ಕೇಳಲು ಸಂಕೋಚಪಡಬೇಡಿ.

ರಕ್ತಸಂಚಾರದ ವಿಷಯವನ್ನು ರುಮಟಾಲಜಿಸ್ಟರೊಡನೆ ಮಾತನಾಡಬೇಕು. ನಿಫೆಡಿಪಿನ್, ಅಮ್ಲೋಡಿಪಿನ್ ಮಾತ್ರೆಗಳು ಸಾಮಾನ್ಯವಾಗಿ ಮೊದಲ ಹೆಜ್ಜೆ. ಅನಂತರ ಸಿಲ್ಡೆನಫಿಲ್ ಅಥವಾ ಟಡಲಫಿಲ್. ತೀವ್ರವಾದಾಗ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಇಲೋಪ್ರೋಸ್ಟ್. ಬೊಸೆಂಟಾನ್ ಹೊಸ ಹುಣ್ಣುಗಳನ್ನು ತಗ್ಗಿಸುತ್ತದೆಯೇ ವಿನಾ ಇದ್ದ ಹುಣ್ಣನ್ನು ಬೇಗ ಮಾಯಿಸುವುದಿಲ್ಲ. ಅದಕ್ಕೆ ಯಕೃತ್ತಿನ ಪರೀಕ್ಷೆ ಆಗಾಗ್ಗೆ ಬೇಕು, ಗರ್ಭಿಣಿಯರಿಗೆ ಅದು ವರ್ಜ್ಯ. ಎದೆನೋವಿಗಾಗಿ ನೈಟ್ರೇಟ್ ಸೇವಿಸುವವರಿಗೆ ಸಿಲ್ಡೆನಫಿಲ್ ಅಪಾಯಕರ. ಬೀಟಾ ಬ್ಲಾಕರ್, ಅರೆತಲೆನೋವಿನ ಅರ್ಗೊಟಮಿನ್, ಮೂಗುಕಟ್ಟು ಬಿಡಿಸುವ ನೆಗಡಿಯ ಮಾತ್ರೆಗಳು ನಾಳಗಳನ್ನು ಇನ್ನಷ್ಟು ಬಿಗಿಗೊಳಿಸಬಲ್ಲವು. ಸೇವಿಸುವ ಮಾತ್ರೆಗಳ ಪೂರ್ಣ ಪಟ್ಟಿಯನ್ನು ತೋರಿಸಿ, ಆದರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಮನೆಯಲ್ಲಿ ಕೈಯಷ್ಟೇ ಅಲ್ಲ, ಮೈಯೆಲ್ಲ ಬೆಚ್ಚಗಿರಬೇಕು. ಎದೆ ತಣ್ಣಗಾದರೂ ಬೆರಳ ನಾಳ ಮುದುಡುತ್ತದೆ. ಬೆಳಗಿನ ಜಾವ ನಲ್ಲಿಯ ತಣ್ಣೀರಿನಲ್ಲಿ ಪಾತ್ರೆ ಬೆಳಗುವುದನ್ನೂ ಫ್ರಿಜ್ಜಿನಿಂದ ಹಾಲಿನ ಪೊಟ್ಟಣ ತೆಗೆಯುವುದನ್ನೂ ಮನೆಯ ಇತರರು ವಹಿಸಿಕೊಳ್ಳಲಿ. ಬೀಡಿ, ಸಿಗರೇಟು ಮಾತ್ರವಲ್ಲದೆ, ಎಲೆಯಡಿಕೆಯೊಡನೆ ಹಾಕುವ ಕಡ್ಡಿಪುಡಿಯಲ್ಲಿಯೂ ಗುಟ್ಕಾದಲ್ಲಿಯೂ ಇರುವ ನಿಕೋಟಿನ್ ನಾಳಗಳನ್ನು ಹಿಂಡುತ್ತದೆ. ಮಾತ್ರೆ ನುಂಗುತ್ತ ತಂಬಾಕು ಅಗಿಯುವವರ ಚಿಕಿತ್ಸೆ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬೆರಳ ತುದಿ ಒಣಗಿ ಕಪ್ಪಾಗಿದ್ದರೆ ಕೀಳದೆ ಒಣದಾಗಿಯೇ ಕಾಪಾಡಿ ಬೇಗನೆ ವೈದ್ಯರಿಗೆ ತೋರಿಸಿ. ಆದರೆ ಆ ಕಪ್ಪು ಒದ್ದೆಯಾಗಿ ನಾರತೊಡಗಿದರೆ, ಬೆರಳಿನಿಂದ ಮುಂಗೈಯತ್ತ ಕೆಂಪು ಗೆರೆ ಏರಿದರೆ, ಚಳಿಜ್ವರ ಬಂದರೆ, ಅಥವಾ ಬೆಚ್ಚಗೆ ಮಾಡಿದರೂ ಬಿಳಿಚಿದ ಬೆರಳಿಗೆ ಬಣ್ಣ ಮರಳದಿದ್ದರೆ ನಡುರಾತ್ರಿಯಾಗಿದ್ದರೂ ಸರಿ, ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ.